ಸೈಕಲ್ ಪಂದ್ಯ: ಹಣದಿಂದ ವೇಗವನ್ನು ಕೊಳ್ಳಬಹುದೇ?

ಪುಣೆಯನ್ನು ಒಂದು ಕಾಲಕ್ಕೆ ‘ಸೈಕಲ್ಲುಗಳ ನಗರ’ ಎಂದು ಕರೆಯುತ್ತಿದ್ದರು. ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿಗೆ ರಸ್ತೆಗಳಲ್ಲಿ ಸೈಕಲ್ಲುಗಳ ಪ್ರವಾಹವೇ ಹರಿಯುತ್ತಿದ್ದ ಆ ದಿನಗಳು ಸ್ಕೂಟರು ಮತ್ತು ಮೋಟಾರ್ ಸೈಕಲ್ಲುಗಳ ಆಗಮನದೊಂದಿಗೆ ಮರೆಯಾದವು. ಆದರೆ ಅದೇ ವಾಹನ ಈಗ ಬೇರೊಂದು ವೇಷದಲ್ಲಿ ಮರಳಿ ಬಂದಿದೆ. ಅಂದು ಅದು ದುಡಿಯುವವನ ಅಗತ್ಯವಾಗಿತ್ತು. ಇಂದು ದುಡಿದು ದಣಿದವನ ಆರೋಗ್ಯಸಾಧನವೂ ಕ್ರೀಡೆಯೂ ಆಗಿದೆ.

ಭಾನುವಾರದ ಮುಂಜಾವಿನಲ್ಲಿ ಸ್ವಾರಗೇಟಿನಿಂದ ದಕ್ಷಿಣಕ್ಕೆ ಹೊರಟ ಸವಾರರ ತಂಡಗಳು ಕಾತ್ರಜ್ ಘಾಟಿಯನ್ನು ಏರಿ, ಖೇಡ್ ಶಿವಾಪುರವನ್ನು ದಾಟಿ, ಕಾಪೂರ್‌ಹೋಳದಲ್ಲಿ ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ತಿರುಗಿ ಭೋರ್ ಪಟ್ಟಣವನ್ನು ಸೇರುತ್ತವೆ. ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಭೋರ್, ಪಂತ ಸಚಿವ ಮನೆತನದವರ ಆಳ್ವಿಕೆಯಲ್ಲಿದ್ದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಹಳೆಯ ಸಂಸ್ಥಾನದ ರಾಜಧಾನಿ. ಸಮೀಪದಲ್ಲಿ ಭಾಟಘರ್ ಅಣೆಕಟ್ಟು. ಮುಂದೆ ನೀರಾ ದೇವಘರ್ ಜಲಾಶಯದ ಪಕ್ಕದಿಂದ ವರಂಧಾ ಘಾಟಿಯ ಮೂಲಕ ಕೊಂಕಣದ ಮಹಾಡಕ್ಕೆ ಇಳಿಯುವ ದಾರಿ. ಸಾತಾರಾ, ಕೊಲ್ಹಾಪುರ, ನಿಪ್ಪಾಣಿಗಳ ಮಾರ್ಗವಾಗಿ ಊರಿಗೆ ಹೋಗುವ ಕನ್ನಡಿಗರಿಗೆ ಕಾಪೂರ್‌ಹೋಳದವರೆಗಿನ ಹೆದ್ದಾರಿ ಚಿರಪರಿಚಿತ. ಏರಿಳಿತ, ಸಮತಟ್ಟು, ಒರಟು ಡಾಂಬರು, ಎದುರುಗಾಳಿ ಈ ಎಲ್ಲವೂ ಇಲ್ಲಿ ಒಂದೇ ಮುಂಜಾನೆಯಲ್ಲಿ ದೊರೆಯುವುದರಿಂದ ಹವ್ಯಾಸಿ ಪಂದ್ಯಗಾರರಿಗೆ ಇದೊಂದು ಪರೀಕ್ಷಾಕ್ಷೇತ್ರವೇ ಸರಿ.

ಇಲ್ಲಿ ಒಂದು ಸ್ಪಷ್ಟೀಕರಣ ಅವಶ್ಯ. ಮುಂಬಯಿ–ಪುಣೆ ಸೈಕಲ್ ಪಂದ್ಯದಲ್ಲಿ ‘ಘಾಟಾಚಾ ರಾಜಾ’, ಅಂದರೆ ಘಟ್ಟದ ರಾಜ, ಎಂಬ ಬಿರುದು ದೊರೆಯುವ ‘ಭೋರ್ ಘಾಟ್’ ಖಂಡಾಳಾ ಮತ್ತು ಖೋಪೋಲಿಗಳ ನಡುವಿನದು. ಭೋರ್ ಪಟ್ಟಣ ಅದಲ್ಲ. ಹೆಸರು ಒಂದೇ ಆದರೂ ಸ್ಥಳ ಬೇರೆ. ಆದರೆ ಎರಡೂ ಕಡೆ ಸವಾರನಿಗೆ ಎದುರಾಗುವ ಪ್ರಶ್ನೆ ಒಂದೇ. 2026ರ ಜನವರಿ 19ರಿಂದ 23ರವರೆಗೆ ಪುಣೆ ಜಿಲ್ಲೆಯ ರಸ್ತೆಗಳಲ್ಲಿ 437 ಕಿಲೋಮೀಟರುಗಳ ಅಂತರರಾಷ್ಟ್ರೀಯ ‘ಪುಣೆ ಗ್ರ್ಯಾಂಡ್ ಟೂರ್’ ಪಂದ್ಯ ನಡೆದು, ವಿದೇಶಿ ತಂಡಗಳ ಸೈಕಲ್ಲುಗಳನ್ನು ಜನ ಕಣ್ಣಾರೆ ಕಂಡರು. ಅಂಥ ಯಂತ್ರವನ್ನು ಕಂಡ ತರುಣನ ಮನದಲ್ಲಿ ಸಹಜವಾಗಿಯೇ ಆ ಪ್ರಶ್ನೆ ಏಳುತ್ತದೆ: ಇಂಥ ಬೆಲೆಬಾಳುವ ಬಿಡಿಭಾಗಗಳನ್ನು ತನ್ನ ಸೈಕಲ್ಲಿಗೂ ಜೋಡಿಸಿದರೆ ತಾನೂ ವೇಗವಾಗಿ ಓಡಿಸಬಲ್ಲೆನೇ?

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಇಂಗಾಲದ ನಾರಿನ ಒಂದು ಜೊತೆ ಚಕ್ರಗಳಿಗೆ ಇಂದು ಒಂದು ಲಕ್ಷ ರೂಪಾಯಿಯನ್ನೋ ಅದಕ್ಕೂ ಮಿಗಿಲಾದ ಹಣವನ್ನೋ ತೆರಬೇಕಾಗುತ್ತದೆ. ಸಂಬಳದಾರ ತರುಣರು ಮಾಸಿಕ ಕಂತಿನ ಸಾಲ ಮಾಡಿ ಇವನ್ನು ಕೊಳ್ಳುವುದುಂಟು. ಇನ್ನೊಂದೆಡೆ, ದುಬಾರಿ ಸೈಕಲ್ ಇಲ್ಲದ ಮಗನೋ ಮಗಳೋ ಈ ಕ್ರೀಡೆಯಲ್ಲಿ ಮುಂದೆ ಬರಲಾರರೆಂದು ಮೊದಲೇ ಕೈಚೆಲ್ಲುವ ತಂದೆತಾಯಿಗಳೂ ಉಂಟು. ಒಬ್ಬರು ಸಾಲಕ್ಕೆ ಸಿಲುಕುತ್ತಾರೆ. ಇನ್ನೊಬ್ಬರು ಅವಕಾಶವನ್ನು ಕಳೆದುಕೊಳ್ಳುತ್ತಾರೆ. ಆದಕಾರಣ ಈ ವಿಷಯವನ್ನು ಜಾಹೀರಾತಿನ ಕಣ್ಣಿನಿಂದ ನೋಡದೆ ಜಮಾಖರ್ಚಿನ ಕಣ್ಣಿನಿಂದ ಪರಿಶೀಲಿಸುವುದು ಯುಕ್ತ.

ಸವಾರನ ಶಕ್ತಿ ಎಲ್ಲಿ ವ್ಯಯವಾಗುತ್ತದೆ?

ಖರ್ಚನ್ನು ಕಡಿಮೆ ಮಾಡಬಯಸುವವನು ಮೊದಲು ಖರ್ಚಿನ ಬಾಬುಗಳನ್ನು ತಿಳಿಯಬೇಕು. ಸೈಕಲ್ ಸವಾರನ ಶಕ್ತಿಗೆ ಮುಖ್ಯವಾಗಿ ನಾಲ್ಕು ಖರ್ಚುಗಳಿವೆ. ಮೊದಲನೆಯದು ಗಾಳಿಯ ಪ್ರತಿರೋಧ. ಎರಡನೆಯದು ಏರುದಾರಿಯಲ್ಲಿ ಗುರುತ್ವಾಕರ್ಷಣೆಯ ವಿರುದ್ಧ ಮೈಭಾರವನ್ನೂ ಸೈಕಲ್ಲಿನ ಭಾರವನ್ನೂ ಮೇಲೆತ್ತುವ ಕೆಲಸ. ಮೂರನೆಯದು ಟೈರು ನೆಲಕ್ಕೆ ಒತ್ತಿ, ನಲುಗಿ, ಮತ್ತೆ ಹಿಗ್ಗುವಾಗ ಆಗುವ ನಷ್ಟ. ಇದನ್ನು ಉರುಳು ಪ್ರತಿರೋಧ ಎನ್ನಬಹುದು. ನಾಲ್ಕನೆಯದು ಚೈನು, ಹಲ್ಲುಗಾಲಿ, ಬೇರಿಂಗುಗಳಲ್ಲಿನ ಘರ್ಷಣೆ.

ಶಕ್ತಿಯನ್ನು ಅಳೆಯುವ ಮಾನ ವಾಟ್. 20 ಕಿಲೋ ತೂಕದ ಅಕ್ಕಿಯ ಚೀಲವನ್ನು ಪ್ರತಿ ಸೆಕೆಂಡಿಗೆ 1 ಮೀಟರ್ ಎತ್ತರಕ್ಕೆ ಎತ್ತುತ್ತಲೇ ಇದ್ದರೆ ಸುಮಾರು 200 ವಾಟ್ ವ್ಯಯವಾಗುತ್ತದೆ. ನಿಯಮಿತವಾಗಿ ಅಭ್ಯಾಸ ಮಾಡುವ ಹವ್ಯಾಸಿ ಸವಾರನೊಬ್ಬ ಹೆಚ್ಚುಕಡಿಮೆ ಇಷ್ಟು ಶಕ್ತಿಯನ್ನು ಒಂದು ಗಂಟೆಯ ಕಾಲ ಒದಗಿಸಬಲ್ಲನೆಂದು ಇಟ್ಟುಕೊಳ್ಳೋಣ. ಆತನ ತೂಕ 68 ಕಿಲೋ, ಸೈಕಲ್ಲಿನದು 10 ಕಿಲೋ, ಬಟ್ಟೆ, ನೀರು ಇತ್ಯಾದಿ 2 ಕಿಲೋ; ಒಟ್ಟು 80 ಕಿಲೋ. ಮುಂದಿನ ಲೆಕ್ಕಗಳೆಲ್ಲ ಈ ಕಾಲ್ಪನಿಕ ಸವಾರನನ್ನು ಭೌತಶಾಸ್ತ್ರದ ಸಾಮಾನ್ಯ ಸೂತ್ರಗಳಿಗೆ ಅನ್ವಯಿಸಿ ಮಾಡಿದವು. ಸವಾರ ಬದಲಾದರೆ ಅಂಕಿಗಳು ತುಸು ಬದಲಾದಾವು. ಆದರೆ ಬಾಬುಗಳ ತಾರತಮ್ಯ ಬದಲಾಗದು.

ಏರುದಾರಿಯ ಲೆಕ್ಕ

5 ಕಿಲೋಮೀಟರ್ ಉದ್ದದ, ಪ್ರತಿ 100 ಮೀಟರಿಗೆ 6 ಮೀಟರ್ ಏರುವ ಘಾಟಿಯೊಂದನ್ನು ಕಲ್ಪಿಸಿಕೊಳ್ಳೋಣ. ಒಟ್ಟು ಏರು 300 ಮೀಟರ್. ಇದನ್ನು ನಮ್ಮ ಸವಾರ 200 ವಾಟ್ ಶಕ್ತಿಯಿಂದ ಏರಲು ಸುಮಾರು 22 ನಿಮಿಷ 25 ಸೆಕೆಂಡು ಬೇಕು. ಆತನ ಶಕ್ತಿಯಲ್ಲಿ ನೂರಕ್ಕೆ 87ರಷ್ಟು ಪಾಲು ಕೇವಲ ಭಾರವನ್ನು ಮೇಲೆತ್ತುವುದರಲ್ಲಿಯೇ ಹೋಗುತ್ತದೆ. ಹೀಗಿರುವಾಗ ಸೈಕಲ್ಲಿನ ತೂಕವನ್ನು ಇಳಿಸುವುದೇ ಜಾಣತನವೆಂದು ತೋರುವುದು ಸಹಜ.

ಆದರೆ ಎಷ್ಟು ಇಳಿದೀತು, ಅದರಿಂದ ಎಷ್ಟು ಲಾಭವಾದೀತು? ಒಟ್ಟು ಭಾರದಲ್ಲಿ 1 ಕಿಲೋ ಕಡಿಮೆಯಾದರೆ ಈ ಘಾಟಿಯಲ್ಲಿ ಉಳಿಯುವುದು ಸುಮಾರು 14 ಸೆಕೆಂಡು. ಶಿಮಾನೊ ಕಂಪನಿಯ ‘105’ ಎಂಬ ಮಧ್ಯಮ ದರ್ಜೆಯ ಗೇರು–ಬ್ರೇಕುಗಳ ಜೋಡಣೆಯನ್ನು ತೆಗೆದು ಅದೇ ಕಂಪನಿಯ ಅತ್ಯುಚ್ಚ ದರ್ಜೆಯ ‘ಡ್ಯೂರಾ-ಏಸ್’ ಜೋಡಣೆಯನ್ನು ಹಾಕಿಸಿದರೆ ಕಡಿಮೆಯಾಗುವ ತೂಕ ಸುಮಾರು ಅರ್ಧ ಕಿಲೋ. ಎಂದರೆ 22 ನಿಮಿಷಗಳ ಏರಿನಲ್ಲಿ 7 ಸೆಕೆಂಡುಗಳ ಲಾಭ. ಇದಕ್ಕಾಗಿ 1 ಲಕ್ಷ ರೂಪಾಯಿ ಹೆಚ್ಚಿಗೆ ತೆತ್ತನೆಂದು ಲೆಕ್ಕದ ಅನುಕೂಲಕ್ಕಾಗಿ ಭಾವಿಸಿದರೆ ಒಂದೊಂದು ಸೆಕೆಂಡಿನ ಬೆಲೆ 14,000 ರೂಪಾಯಿಗೂ ಮಿಗಿಲಾಯಿತು. ಅರ್ಧ ಲೀಟರ್ ನೀರಿನ ತೂಕವೂ ಅರ್ಧ ಕಿಲೋ ಎಂಬುದನ್ನು ಇಲ್ಲಿ ನೆನೆಯಬೇಕು. ಘಾಟಿಯ ಬುಡದಲ್ಲಿ ಎರಡನೆಯ ಬಾಟಲಿಯನ್ನು ತುಂಬಿಸದೆ ಮೇಲಿನ ಊರಿನಲ್ಲಿ ತುಂಬಿಸಿಕೊಂಡವನಿಗೆ ಇದೇ 7 ಸೆಕೆಂಡು ಪುಕ್ಕಟೆಯಾಗಿ ದೊರೆಯುತ್ತದೆ.

ಇದಕ್ಕೆ ಪ್ರತಿಯಾಗಿ ಅದೇ ಸವಾರ ಕೆಲವು ತಿಂಗಳ ಅಭ್ಯಾಸದಿಂದ ತನ್ನ ಶಕ್ತಿಯನ್ನು 200ರಿಂದ 210 ವಾಟ್‌ಗೆ ಏರಿಸಿಕೊಂಡರೆ ಅದೇ ಘಾಟಿಯಲ್ಲಿ ಹೆಚ್ಚುಕಡಿಮೆ 1 ನಿಮಿಷ ಉಳಿಯುತ್ತದೆ. ಮೈಯಲ್ಲಿ ಹೆಚ್ಚಾಗಿರುವ 3 ಕಿಲೋ ಬೊಜ್ಜು ಕರಗಿದರೆ 40 ಸೆಕೆಂಡಿಗೂ ಮಿಗಿಲಾದ ಉಳಿತಾಯ. ಗುರುತ್ವಾಕರ್ಷಣೆಗೆ ಸೈಕಲ್ಲಿನ ಕಿಲೋ ಬೇರೆ, ಹೊಟ್ಟೆಯ ಕಿಲೋ ಬೇರೆ ಎಂಬ ಭೇದಭಾವವಿಲ್ಲ.

ಸಮತಟ್ಟಾದ ದಾರಿಯ ಲೆಕ್ಕ

ಸಮತಟ್ಟಾದ ದಾರಿಯಲ್ಲಿ ಚಿತ್ರ ಪೂರ್ತಿಯಾಗಿ ಬದಲಾಗುತ್ತದೆ. ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಒಂಟಿಯಾಗಿ ಸಾಗುವ ಸವಾರನ ಶಕ್ತಿಯಲ್ಲಿ ನೂರರಲ್ಲಿ 80 ಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಗಾಳಿಯ ಪ್ರತಿರೋಧ ವೇಗದ ವರ್ಗದ ಪ್ರಮಾಣದಲ್ಲಿಯೂ, ಅದಕ್ಕೆ ಬೇಕಾದ ಶಕ್ತಿ ವೇಗದ ಘನದ ಪ್ರಮಾಣದಲ್ಲಿಯೂ ಏರುತ್ತವೆ. ವೇಗ ಇಮ್ಮಡಿಯಾದರೆ ಗಾಳಿಗೆ ತೆರಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಆದ್ದರಿಂದಲೇ ಕೊನೆಯ ಒಂದೊಂದು ಕಿಲೋಮೀಟರ್ ವೇಗವೂ ಅಷ್ಟೊಂದು ದುಬಾರಿ.

ಈ ದಾರಿಯಲ್ಲಿ ತೂಕಕ್ಕೆ ಬೆಲೆ ಅತ್ಯಲ್ಪ. 40 ಕಿಲೋಮೀಟರುಗಳ ಸಮತಟ್ಟಾದ ಓಟದಲ್ಲಿ 1 ಕಿಲೋ ತೂಕ ಕಡಿಮೆಯಾದರೆ ಉಳಿಯುವುದು ಸುಮಾರು 4 ಸೆಕೆಂಡು ಮಾತ್ರ. ಆದರೆ ಗಾಳಿಗೆ ಅಡ್ಡವಾಗುವುದು ಬಹುಪಾಲು ಸೈಕಲ್ಲಲ್ಲ, ಸವಾರನ ಶರೀರ. ಎದೆಯೆತ್ತಿ ಕುಳಿತವನು ಮೊಣಕೈಗಳನ್ನು ಬಾಗಿಸಿ, ತಲೆಯನ್ನು ತಗ್ಗಿಸಿ, ಭುಜಗಳನ್ನು ಕಿರಿದಾಗಿಸಿಕೊಂಡರೆ ಗಾಳಿಯ ಪ್ರತಿರೋಧ ನೂರಕ್ಕೆ 8–9ರಷ್ಟು ಇಳಿಯುವುದು ಕಷ್ಟವೇನಲ್ಲ. ಆಗ ಅದೇ ಶಕ್ತಿಯಲ್ಲಿ ವೇಗ 35ರಿಂದ 36 ಕಿಲೋಮೀಟರಿಗೆ ಏರಿ, 40 ಕಿಲೋಮೀಟರುಗಳ ಓಟದಲ್ಲಿ ಸುಮಾರು 2 ನಿಮಿಷ ಉಳಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಬೆನ್ನು ಮತ್ತು ತೊಡೆಯ ಹಿಂಭಾಗದ ಸ್ನಾಯುಗಳನ್ನು ಪಳಗಿಸುವ ಪರಿಶ್ರಮವಷ್ಟೇ.

ಗುಂಪಿನಲ್ಲಿ ಸಾಗುವಾಗ ಇನ್ನೊಂದು ಸಂಗತಿ ಇದೆ. ಮುಂದಿನವನ ಚಕ್ರಕ್ಕೆ ಸಮೀಪವಾಗಿ ಹಿಂಬಾಲಿಸುವವನಿಗೆ ಗಾಳಿಯ ಪ್ರತಿರೋಧ ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಗುಂಪಿನಲ್ಲಿ ಹೆದರದೆ, ತಡವರಿಸದೆ ಸಾಗುವ ಕೌಶಲ ತರುವ ಲಾಭದ ಮುಂದೆ ಯಾವ ಬಿಡಿಭಾಗದ ಲಾಭವೂ ನಿಲ್ಲದು. ಈ ಕೌಶಲ ಅಂಗಡಿಯಲ್ಲಿ ಸಿಗುವುದಿಲ್ಲ. ಅನುಭವಿಗಳ ಜೊತೆ ಅನೇಕ ಮುಂಜಾನೆಗಳನ್ನು ಕಳೆದಾಗ ಮಾತ್ರ ಸಿಗುತ್ತದೆ.

ಬಿಡಿಭಾಗಗಳ ತುಲನೆ

ಇನ್ನು ಒಂದೊಂದೇ ಬಿಡಿಭಾಗವನ್ನು ತೆಗೆದುಕೊಂಡು ನೋಡಬಹುದು.

ಗೇರುಗಳ ಜೋಡಣೆ: ದುಬಾರಿ ಜೋಡಣೆಯಲ್ಲಿ ಗೇರು ಬದಲಾವಣೆ ನುಣುಪಾಗಿ, ನಿಖರವಾಗಿ ನಡೆಯುತ್ತದೆ, ಬೆರಳಿಗೆ ಹಿತ. ಆದರೆ ಹಿತವೇ ವೇಗವಲ್ಲ. ಮಧ್ಯಮ ದರ್ಜೆಯದನ್ನು ಚೆನ್ನಾಗಿ ಹೊಂದಿಸಿಟ್ಟರೆ ಅದೂ ಚೈನನ್ನು ಅಷ್ಟೇ ಸಮರ್ಥವಾಗಿ ಎಳೆಯುತ್ತದೆ. ಅದರ ಬದಲು ಹಿಂದಿನ ಚಕ್ರಕ್ಕೆ ಘಾಟಿಗೆ ತಕ್ಕ ದೊಡ್ಡ ಹಲ್ಲುಗಾಲಿಯನ್ನು ಹಾಕಿಸಿಕೊಂಡರೆ ಮಂಡಿಗಳ ಮೇಲಿನ ಒತ್ತಡ ತಗ್ಗಿ ಹೆಚ್ಚಿನ ಉಪಕಾರವಾಗುತ್ತದೆ.

ಚೈನು: ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಜ್ಞರು 1999ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಸಾಧಾರಣ ಚೈನಿನ ದಕ್ಷತೆ ಅನುಕೂಲ ಸ್ಥಿತಿಯಲ್ಲಿ ನೂರಕ್ಕೆ 98.6ರಷ್ಟಿರುವುದು ಕಂಡುಬಂದಿತು. ಉಳಿದಿರುವ ಒಂದೂವರೆ ಪಾಲಿನಲ್ಲಿ ಎಷ್ಟು ಹಣ ಸುರಿದರೂ ದೊಡ್ಡ ಲಾಭ ಹುಟ್ಟಲು ಅವಕಾಶವೇ ಇಲ್ಲ. ಆದರೆ ಧೂಳು, ಕೆಸರು ಮೆತ್ತಿ ಒಣಗಿದ ಚೈನು ಹಲವು ವಾಟ್‌ಗಳನ್ನು ನುಂಗುತ್ತದೆ. ಒಂದು ಹಳೆಯ ಬಟ್ಟೆ, ಸ್ವಲ್ಪ ಸೀಮೆಎಣ್ಣೆ, ಒಳ್ಳೆಯ ಚೈನಿನ ಎಣ್ಣೆ ಮತ್ತು ಕಾಲು ಗಂಟೆಯ ಕೆಲಸ ಇದಕ್ಕೆ ಸಾಕು.

ಪಿಂಗಾಣಿಯ ಬೇರಿಂಗುಗಳು: ಸುಸ್ಥಿತಿಯಲ್ಲಿರುವ ಉಕ್ಕಿನ ಬೇರಿಂಗುಗಳಲ್ಲಿ ಆಗುವ ನಷ್ಟವೇ ಅತ್ಯಲ್ಪ. ಅದನ್ನು ಪೂರ್ಣವಾಗಿ ಅಳಿಸಿಹಾಕಿದರೂ ಹವ್ಯಾಸಿಯ ಗಡಿಯಾರಕ್ಕೆ ಅದು ಗೋಚರಿಸದು.

ಚಕ್ರಗಳು: ಚಕ್ರದ ಅಂಚಿನಲ್ಲಿ ಕಡಿಮೆಯಾದ ತೂಕಕ್ಕೆ ಇಮ್ಮಡಿ ಲಾಭವೆಂಬ ಮಾತು ಪ್ರಚಾರದಲ್ಲಿದೆ. ವೇಗವನ್ನು ಹೆಚ್ಚಿಸುವ ಕ್ಷಣಕ್ಕೆ ಮಾತ್ರ ಇದು ಸತ್ಯ. ಒಂದೇ ಗತಿಯಲ್ಲಿ ಘಾಟಿ ಏರುವಾಗ ಚಕ್ರದ ತೂಕವೂ ಬೇರೆ ತೂಕದಂತೆಯೇ. ಎತ್ತರದ ಅಂಚಿನ ಚಕ್ರಗಳು ಗಾಳಿಯನ್ನು ಚೆನ್ನಾಗಿ ಸೀಳುತ್ತವೆಂಬುದು ಮಾತ್ರ ನಿಜ. ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಅವುಗಳಿಂದ 6 ವಾಟ್ ಉಳಿಯುತ್ತದೆಂದು ಉದಾರವಾಗಿಯೇ ಒಪ್ಪಿಕೊಂಡರೆ 40 ಕಿಲೋಮೀಟರುಗಳ ಒಂಟಿ ಓಟದಲ್ಲಿ 40 ಸೆಕೆಂಡಿಗೆ ತುಸು ಹೆಚ್ಚಿನ ಲಾಭ. 1 ಲಕ್ಷ ರೂಪಾಯಿಗೆ ಹೋಲಿಸಿದರೆ ಸೆಕೆಂಡಿಗೆ 2,300 ರೂಪಾಯಿ. ಗುಂಪಿನ ಮರೆಯಲ್ಲಿ ಸಾಗುವವನಿಗೆ ಈ ಲಾಭ ಇನ್ನೂ ಕಡಿಮೆ.

ಟೈರುಗಳು: ಎಲ್ಲರೂ ಅಲಕ್ಷಿಸುವ ಈ ಬಾಬಿನಲ್ಲಿಯೇ ನಿಜವಾದ ಲಾಭ ಅಡಗಿದೆ. ದಪ್ಪ ಗೋಡೆಯ, ಗಡಸು ರಬ್ಬರಿನ ಸಾಧಾರಣ ಟೈರಿಗೂ ಮೆತ್ತನೆಯ ಗೋಡೆಯ ಪಂದ್ಯದ ಟೈರಿಗೂ 35 ಕಿಲೋಮೀಟರ್ ವೇಗದಲ್ಲಿ ಎರಡೂ ಚಕ್ರಗಳು ಸೇರಿ 10 ವಾಟ್ ಅಥವಾ ಅದಕ್ಕಿಂತ ಹೆಚ್ಚಿನ ಅಂತರವಿರಬಲ್ಲದು. 40 ಕಿಲೋಮೀಟರಿನಲ್ಲಿ ಇದು ಸುಮಾರು 70 ಸೆಕೆಂಡಿನ ಉಳಿತಾಯ. ಒಂದು ಜೊತೆಗೆ 10,000 ರೂಪಾಯಿ ತೆತ್ತರೂ ಸೆಕೆಂಡಿಗೆ 150 ರೂಪಾಯಿಗಿಂತ ಕಡಿಮೆ! ಟೈರಿಗೆ ಕಲ್ಲಿನಂತೆ ಗಟ್ಟಿಯಾಗಿ ಗಾಳಿ ತುಂಬಿದಷ್ಟೂ ವೇಗವೆಂಬ ಹಳೆಯ ನಂಬಿಕೆಯನ್ನೂ ಇಲ್ಲಿ ತಿದ್ದಿಕೊಳ್ಳಬೇಕು. ಒರಟು ಡಾಂಬರಿನ ಮೇಲೆ ಅತಿ ಗಟ್ಟಿಯಾದ ಟೈರು ಪುಟಿಯುತ್ತದೆ. ಆ ಅದುರು ಸವಾರನ ಮೈಗೆ ತಗುಲಿ ಶಕ್ತಿ ಪೋಲಾಗುತ್ತದೆ. ತುಸು ಅಗಲವಾದ ಟೈರು, ಮೈತೂಕಕ್ಕೆ ತಕ್ಕ ಹದವಾದ ಗಾಳಿ, ಇವು ವರಂಧಾ ಘಾಟಿಯ ಕಡೆಗಿನಂಥ ರಸ್ತೆಗಳಿಗೆ ಯೋಗ್ಯ. ಅಂಥ ದಾರಿಯಲ್ಲಿ ಒಂದು ಪಂಕ್ಚರ್ ಆದರೆ ಹೋಗುವುದು ನಿಮಿಷಗಳು. 7 ಸೆಕೆಂಡಿನ ಮಾತು ಅಲ್ಲಿಗೆ ಮುಗಿಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇಳಿಮುಖ ಪ್ರತಿಫಲ ನಿಯಮವನ್ನು ಓದಿರುತ್ತಾರೆ. ಒಂದೇ ಹೊಲಕ್ಕೆ ಗೊಬ್ಬರವನ್ನು ಸುರಿಯುತ್ತ ಹೋದರೆ ಒಂದು ಹಂತದ ನಂತರ ಪ್ರತಿ ಚೀಲದ ಗೊಬ್ಬರಕ್ಕೆ ದೊರೆಯುವ ಹೆಚ್ಚುವರಿ ಬೆಳೆ ಕಡಿಮೆಯಾಗುತ್ತದೆ. ಸೈಕಲ್ಲಿನ ಬಿಡಿಭಾಗಗಳು ಈ ನಿಯಮಕ್ಕೆ ಒಳ್ಳೆಯ ನಿದರ್ಶನ. ಕಿರಾಣಿ ಅಂಗಡಿಗೆ ಹೋಗುವ 18 ಕಿಲೋ ತೂಕದ ಸೈಕಲ್ಲಿಗೂ ಪ್ರಾಥಮಿಕ ದರ್ಜೆಯ ಪಂದ್ಯದ ಸೈಕಲ್ಲಿಗೂ ಅಜಗಜಾಂತರವಿದೆ. ಪ್ರಾಥಮಿಕ ದರ್ಜೆಯದಕ್ಕೂ ಅದರ ಐದು ಪಟ್ಟು ಬೆಲೆಯದಕ್ಕೂ ಇರುವುದು ಕೂದಲೆಳೆಯ ಅಂತರ.

ಅನುಭವದ ಸಾಕ್ಷ್ಯ

ಸೂತ್ರಗಳು ಹೇಳುವುದನ್ನು ಪ್ರಯೋಗಗಳೂ ಅನುಮೋದಿಸಬೇಕು. ಇಂಗ್ಲೆಂಡಿನ ಚೆಸ್ಟರ್‌ಫೀಲ್ಡಿನ ಅರಿವಳಿಕೆ ತಜ್ಞ ವೈದ್ಯ ಜೆರೆಮಿ ಗ್ರೋವ್ಸ್ ಎಂಬವರು 2010ರಲ್ಲಿ ತಮ್ಮ ಮೇಲೆಯೇ ಒಂದು ಪರೀಕ್ಷೆ ನಡೆಸಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅವರ ಬಳಿ ಎರಡು ಸೈಕಲ್ಲುಗಳಿದ್ದವು: 50 ಪೌಂಡಿಗೆ ಕೊಂಡ 13.5 ಕಿಲೋ ತೂಕದ ಹಳೆಯ ಉಕ್ಕಿನದು ಒಂದು, 1,000 ಪೌಂಡ್ ಬೆಲೆಯ 9.5 ಕಿಲೋ ತೂಕದ ಇಂಗಾಲದ ನಾರಿನದು ಇನ್ನೊಂದು. ಪ್ರತಿ ಬೆಳಿಗ್ಗೆ ನಾಣ್ಯ ಚಿಮ್ಮಿ, ಬಂದ ಮುಖಕ್ಕೆ ತಕ್ಕಂತೆ ಸೈಕಲ್ಲನ್ನು ಆರಿಸಿಕೊಂಡು, ಹೋಗಿ ಬರುವ 27 ಮೈಲಿಗಳ ದಾರಿಯ ಸಮಯವನ್ನು ಆರು ತಿಂಗಳ ಕಾಲ ದಾಖಲಿಸಿದರು. ಉಕ್ಕಿನ ಸೈಕಲ್ಲಿನ ಸರಾಸರಿ 1 ಗಂಟೆ 47 ನಿಮಿಷ 48 ಸೆಕೆಂಡು; ಇಂಗಾಲದ್ದು 1 ಗಂಟೆ 48 ನಿಮಿಷ 21 ಸೆಕೆಂಡು. ನಾಲ್ಕು ಕಿಲೋ ಹಗುರವೂ ಇಪ್ಪತ್ತು ಪಟ್ಟು ದುಬಾರಿಯೂ ಆದ ಸೈಕಲ್ಲಿನಿಂದ ಯಾವ ಲಾಭವೂ ಗೋಚರಿಸಲಿಲ್ಲ. ಒಬ್ಬನೇ ವ್ಯಕ್ತಿಯ ಮೇಲಿನ ಪರೀಕ್ಷೆಯಾದ ಕಾರಣ ಇದನ್ನೇ ಅಂತಿಮ ತೀರ್ಪೆನ್ನಲಾಗದು; ಆದರೂ ದಿನನಿತ್ಯದ ಗಾಳಿ, ಸಂಚಾರ, ದಣಿವುಗಳ ಏರುಪೇರಿನಲ್ಲಿ ತೂಕದ ಲಾಭ ಹೇಗೆ ಮುಳುಗಿಹೋಗುತ್ತದೆಂಬುದಕ್ಕೆ ಇದು ಕನ್ನಡಿ.

ಶರೀರದ ಭಂಗಿಯ ಮಹತ್ವವನ್ನು ಒಂದು ಗಂಟೆಯ ದಾಖಲೆಯ ಇತಿಹಾಸ ತೋರಿಸುತ್ತದೆ. ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ಕ್ರಮಿಸುವ ಈ ಸಾಹಸದಲ್ಲಿ ಬೆಲ್ಜಿಯಮಿನ ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೋ ನಗರದಲ್ಲಿ 49.431 ಕಿಲೋಮೀಟರ್ ಸಾಧಿಸಿದ್ದರು. 1993ರ ಜುಲೈಯಲ್ಲಿ ಸ್ಕಾಟ್ಲೆಂಡಿನ ಗ್ರೇಮ್ ಒಬ್ರಿ ತಾವೇ ಕಟ್ಟಿದ, ಬಟ್ಟೆ ಒಗೆಯುವ ಯಂತ್ರದ ಬೇರಿಂಗುಗಳನ್ನು ಅಳವಡಿಸಿದ ಸೈಕಲ್ಲಿನ ಮೇಲೆ ಕೈಗಳನ್ನು ಎದೆಯಡಿಗೆ ಮಡಚಿ 51.596 ಕಿಲೋಮೀಟರ್ ಕ್ರಮಿಸಿ, 1984ರ ಫ್ರಾನ್ಸೆಸ್ಕೊ ಮೋಸರ್ ಅವರ ದಾಖಲೆಯನ್ನು ಮುರಿದರು. ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ 1996ರಲ್ಲಿ ತೋಳುಗಳನ್ನು ಮುಂದಕ್ಕೆ ಪೂರ್ಣವಾಗಿ ಚಾಚಿದ ಭಂಗಿಯಲ್ಲಿ, ವಿಶೇಷ ಸೈಕಲ್ಲಿನ ಮೇಲೆ 56.375 ಕಿಲೋಮೀಟರ್ ಸಾಧಿಸಿದರು. ಅವರೇ 2000ದಲ್ಲಿ ಮರ್ಕ್ಸ್ ಕಾಲದ ಮಾದರಿಯ ಸೈಕಲ್ಲಿನಲ್ಲಿ, ಹಳೆಯ ಭಂಗಿಯಲ್ಲಿ ಪ್ರಯತ್ನಿಸಿದಾಗ ಕ್ರಮಿಸಿದ್ದು 49.441 ಕಿಲೋಮೀಟರ್, ಮರ್ಕ್ಸ್‌ಗಿಂತ ಕೇವಲ 10 ಮೀಟರ್ ಹೆಚ್ಚು! ನಾಲ್ಕು ವರ್ಷಗಳ ವಯಸ್ಸಿನ ಅಂತರವನ್ನು ಬಿಟ್ಟುಕೊಟ್ಟರೂ, ಈ 7 ಕಿಲೋಮೀಟರುಗಳ ಅಂತರದಲ್ಲಿ ಬಹುಪಾಲು ಗಾಳಿಯೊಡನೆ ಮಾಡಿಕೊಂಡ ಒಪ್ಪಂದದ ಫಲ.

ಉಪಕರಣ ನಿರ್ಣಾಯಕವಾಗುವುದು ಯಾವಾಗ?

ಹಾಗೆಂದು ಉಪಕರಣಕ್ಕೆ ಬೆಲೆಯೇ ಇಲ್ಲವೆಂದರೆ ಅದೂ ಅಸತ್ಯವಾದೀತು. 1989ರ ಟೂರ್ ದ ಫ್ರಾನ್ಸ್ ಪಂದ್ಯದ ಕೊನೆಯ ದಿನ, ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರುಗಳ ಒಂಟಿ ಓಟದಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಮೊಣಕೈ ಊರುವ ಮುಂಚಾಚಿನ ಹ್ಯಾಂಡಲ್ ಬಳಸಿದರು. ಫ್ರಾನ್ಸಿನ ಲಾರಾಂ ಫಿಗ್ನೋ ಬಳಸಲಿಲ್ಲ. 50 ಸೆಕೆಂಡು ಹಿಂದಿದ್ದ ಲೆಮಾಂಡ್ ಆ ದಿನ 58 ಸೆಕೆಂಡುಗಳನ್ನು ಗಳಿಸಿ, ಮೂರು ವಾರಗಳ ಪಂದ್ಯವನ್ನು 8 ಸೆಕೆಂಡುಗಳ ಅಂತರದಿಂದ ಗೆದ್ದರು. ಸಮಬಲರ ನಡುವೆ ಒಂದು ಉಪಕರಣ ಪಂದ್ಯವನ್ನೇ ತಿರುಗಿಸಬಲ್ಲದು. ಆದರೆ ಆ ಉಪಕರಣ ದುಬಾರಿ ಲೋಹದ ಹಗುರ ಭಾಗವಲ್ಲ; ಶರೀರವನ್ನು ಗಾಳಿಗೆ ಮರೆಮಾಡಿದ ಒಂದು ಸರಳ ಕೊಳವೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದರೂ ಪಂದ್ಯದ ಸೈಕಲ್ 6.8 ಕಿಲೋಗಿಂತ ಹಗುರವಿರಬಾರದೆಂದು 2000ದಿಂದ ನಿರ್ಬಂಧಿಸಿದೆ.

ಈ ಮಾತು ನಮ್ಮ ನಾಡಿಗೂ ಅನ್ವಯಿಸುತ್ತದೆ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಕರ್ನಾಟಕದ ಸೈಕ್ಲಿಂಗ್‌ನ ತವರೆಂದು ಹೆಸರಾದವು. ಅಲ್ಲಿಯ ಕ್ರೀಡಾ ವಸತಿ ನಿಲಯಗಳಲ್ಲಿ ಬೆಳೆದು ರಾಷ್ಟ್ರಮಟ್ಟದ ಪದಕಗಳನ್ನು ತಂದ ಮಕ್ಕಳಲ್ಲಿ ಅನೇಕರು ರೈತರ, ಕೂಲಿಕಾರರ ಮನೆಯವರು. ಅವರನ್ನು ಬೆಳೆಸಿದ್ದು ಇಂಗಾಲದ ನಾರಲ್ಲ. ಬಿಸಿಲಿನ ರಸ್ತೆಯಲ್ಲಿ ದಿನನಿತ್ಯ ನಡೆದ ಕಠಿಣ ಅಭ್ಯಾಸ ಮತ್ತು ತರಬೇತುದಾರರ ಕಣ್ಗಾವಲು. ಆದರೆ ಅದೇ ಮಕ್ಕಳು ರಾಷ್ಟ್ರೀಯ, ಅಂತರರಾಷ್ಟ್ರೀಯ ಕಣಕ್ಕೆ ಇಳಿದಾಗ ಎದುರಾಳಿಯ ಉತ್ತಮ ಸೈಕಲ್ಲಿನಿಂದ ಆಗುವ ಕೆಲವು ಸೆಕೆಂಡುಗಳ ನಷ್ಟ ಪದಕವನ್ನೇ ಕಸಿಯಬಲ್ಲದು. ಆ ಹಂತದಲ್ಲಿ ಉತ್ತಮ ಉಪಕರಣವನ್ನು ಒದಗಿಸುವುದು ಸರ್ಕಾರದ, ಕ್ರೀಡಾ ಸಂಸ್ಥೆಗಳ, ಸಮಾಜದ ಹೊಣೆ. ಬಡ ತಂದೆಯ ಹೊಲದ ಮೇಲೆ ಸಾಲ ತೆಗೆಸುವ ಬಾಬು ಅದಲ್ಲ. ಹತ್ತನೆಯ ಸ್ಥಾನದಿಂದ ಮೂರನೆಯ ಸ್ಥಾನಕ್ಕೆ ಏರಬೇಕಾದವನಿಗೆ ಬೇಕಾದುದು ಅಭ್ಯಾಸ. ಎರಡನೆಯ ಸ್ಥಾನದಿಂದ ಮೊದಲನೆಯದಕ್ಕೆ ಏರಬೇಕಾದವನಿಗೆ ಉಪಕರಣವೂ ಬೇಕಾದೀತು.

ದೇಹವೆಂಬ ಯಂತ್ರ

ಸೈಕಲ್ಲಿನ ಎಂಜಿನ್ ಸವಾರನ ಹೃದಯ, ಶ್ವಾಸಕೋಶ ಮತ್ತು ತೊಡೆಗಳು. ಸೇವಿಸಿದ ಆಹಾರದ ಶಕ್ತಿಯಲ್ಲಿ ನೂರಕ್ಕೆ 20ರಿಂದ 25ರಷ್ಟು ಮಾತ್ರ ಪೆಡಲಿಗೆ ತಲುಪುತ್ತದೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಅಭ್ಯಾಸವಿಲ್ಲದವನು ಕ್ರಮಬದ್ಧವಾಗಿ ತೊಡಗಿದರೆ ಕೆಲವೇ ತಿಂಗಳಲ್ಲಿ ಆತನ ಗರಿಷ್ಠ ಆಮ್ಲಜನಕ ಬಳಕೆಯ ಸಾಮರ್ಥ್ಯ ನೂರಕ್ಕೆ 15ರಷ್ಟು ಏರುವುದು ಅಸಾಮಾನ್ಯವಲ್ಲ. ಇಷ್ಟು ಪ್ರತಿಫಲ ಕೊಡುವ ಬಿಡಿಭಾಗ ಯಾವ ಅಂಗಡಿಯಲ್ಲಿಯೂ ಇಲ್ಲ. ಸಾಲದೆಂಬಂತೆ ಬಿಡಿಭಾಗ ಕೊಂಡ ದಿನದಿಂದಲೇ ಸವಕಳಿಗೆ ಒಳಗಾಗುತ್ತದೆ. ಕಾಪಾಡಿಕೊಂಡ ಆರೋಗ್ಯವಾದರೋ ಬಡ್ಡಿ ತರುವ ಠೇವಣಿ.

ಕೆಲವು ಸೂಚನೆಗಳನ್ನು ಸವಾರರು ಗಮನದಲ್ಲಿಡಬೇಕು. ಸೀಟಿನ ಎತ್ತರ ಸರಿಯಿಲ್ಲದಿದ್ದರೆ ಮಂಡಿನೋವು ನಿಶ್ಚಿತ. ಪೆಡಲು ಕೆಳತುದಿಯಲ್ಲಿರುವಾಗ ಮಂಡಿ ಸುಮಾರು 25ರಿಂದ 35 ಡಿಗ್ರಿಗಳಷ್ಟು ಬಾಗಿರಬೇಕು. ಅಂಗೈ, ತೊಡೆಸಂದುಗಳಲ್ಲಿ ಜೋಮು ಹಿಡಿದರೆ ಅದು ನರಗಳ ಮೇಲಿನ ಒತ್ತಡದ ಎಚ್ಚರಿಕೆ. ಅದನ್ನು ಸಹಿಸಿಕೊಳ್ಳುವುದು ಶೌರ್ಯವಲ್ಲ. ವಾರದ ಎಲ್ಲ ದಿನವೂ ಏದುಸಿರು ಬಿಡುವಂತೆ ತುಳಿಯದೆ, ಹೆಚ್ಚಿನ ದಿನ ಮಾತನಾಡುತ್ತ ಸಾಗುವಷ್ಟು ನಿಧಾನವಾಗಿಯೂ, ಒಂದೆರಡು ದಿನ ಮಾತ್ರ ಕಠಿಣವಾಗಿಯೂ ಅಭ್ಯಾಸ ಮಾಡುವುದು ಮೇಲು. ದೀರ್ಘ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರ ಪಿಷ್ಟ ದೇಹಕ್ಕೆ ಬೇಕಾಗುತ್ತದೆ. ಇದಕ್ಕೆ ಪರದೇಶದ ಪೊಟ್ಟಣಗಳೇ ಬೇಕಿಲ್ಲ. ಬಾಳೆಹಣ್ಣು, ಬೆಲ್ಲ, ಖರ್ಜೂರ ಸಾಕು. ಬೇಗ ದಣಿಯುವವರು, ವಿಶೇಷವಾಗಿ ಸ್ತ್ರೀಯರು, ರಕ್ತದ ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಬೇಕು. ರಕ್ತಹೀನತೆಯಿಂದ ಕಳೆದುಹೋದ ವೇಗವನ್ನು ಇಂಗಾಲದ ಚಕ್ರ ಮರಳಿ ತಾರದು.

ತೂಕ ಇಳಿಸುವ ಹುಮ್ಮಸ್ಸಿನಲ್ಲಿ ಉಪವಾಸ ಬೀಳುವುದೂ ಸಲ್ಲ. ಸೈಕಲ್ ಸವಾರಿಯಲ್ಲಿ ಮೈಭಾರ ಕಾಲಿನ ಎಲುಬುಗಳ ಮೇಲೆ ಬೀಳುವುದಿಲ್ಲವಾದ್ದರಿಂದ ಅವು ದೃಢಗೊಳ್ಳುವುದಿಲ್ಲ. ಮೇಲೆ ಹೇಳಿದ ಬೋರ್ಡ್‌ಮನ್ ಅವರೇ ಎಲುಬಿನ ಸಾಂದ್ರತೆ ಕುಂದುವ ತೊಂದರೆಯಿಂದ ಬಳಲಿದರು. ಆದಕಾರಣ ಸವಾರರು ವಾರಕ್ಕೆ ಎರಡು ದಿನವಾದರೂ ನಡಿಗೆ, ಮೆಟ್ಟಿಲೇರುವಿಕೆ, ಬೈಠಕ್‌ಗಳಂಥ ವ್ಯಾಯಾಮವನ್ನು ಜೊತೆಗೂಡಿಸಬೇಕು. ನಲವತ್ತು ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಪಂದ್ಯಕ್ಕೆ ಇಳಿಯುವ ಮುನ್ನ ವೈದ್ಯರ ಸಲಹೆ ಪಡೆಯಬೇಕು. ಸವಾರಿಯಲ್ಲಿ ಎದೆಯೊತ್ತು, ತಲೆಸುತ್ತು ಕಾಣಿಸಿದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ವೆಚ್ಚದ ಕ್ರಮ

ಹಾಗಾದರೆ ಉಳಿತಾಯದ ಹಣವನ್ನು ಸೈಕಲ್ಲಿಗೆ ಖರ್ಚು ಮಾಡಲೇಬಾರದೇ? ಮಾಡಬಹುದು, ಕ್ರಮವರಿತು ಮಾಡಬೇಕು. ಮೊದಲ ಖರ್ಚು ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್, ಒಳ್ಳೆಯ ಬ್ರೇಕಿನ ಕಟ್ಟೆಗಳು ಮತ್ತು ಹಿಂದೆ ಮುಂದೆ ದೀಪ. ಎರಡನೆಯದು ಅನುಭವಿಯಿಂದ ಸೀಟು, ಹ್ಯಾಂಡಲುಗಳನ್ನು ಮೈಯಳತೆಗೆ ಹೊಂದಿಸಿಕೊಳ್ಳುವುದು. ಮೂರನೆಯದು ಒಳ್ಳೆಯ ಟೈರು ಮತ್ತು ಟ್ಯೂಬುಗಳು. ನಾಲ್ಕನೆಯದು ಚೈನಿನ ನಿರ್ವಹಣೆ ಮತ್ತು ಘಾಟಿಗೆ ತಕ್ಕ ಹಲ್ಲುಗಾಲಿ. ಐದನೆಯದು ಮೈಗೆ ಅಂಟಿಕೊಳ್ಳುವ ಉಡುಪು. ಪಟಪಟನೆ ಹಾರಾಡುವ ಅಂಗಿ ಗಾಳಿಗೆ ಹಾಯಿಯಾಗುತ್ತದೆ. ಇವೆಲ್ಲ ಮುಗಿದು, ವರ್ಷವಿಡೀ ಅಭ್ಯಾಸ ನಡೆದು, ಇನ್ನೂ ಹಣ ಕೈಯಲ್ಲಿದ್ದರೆ ಚಕ್ರಗಳ ಯೋಚನೆ ಮಾಡಬಹುದು. ಗೇರುಗಳ ಅತ್ಯುಚ್ಚ ದರ್ಜೆಯ ಜೋಡಣೆಯೂ ಪಿಂಗಾಣಿಯ ಬೇರಿಂಗುಗಳೂ ಪಟ್ಟಿಯ ಕೊನೆಯಲ್ಲಿರಲಿ. ಚೆಂದದ ವಸ್ತುವನ್ನು ಪ್ರೀತಿಯಿಂದ ಕೊಳ್ಳುವುದು ತಪ್ಪಲ್ಲ. ಆದರೆ ಅದನ್ನು ಸಂತೋಷದ ಬಾಬಿಗೆ ಬರೆದುಕೊಳ್ಳಬೇಕೇ ಹೊರತು ವೇಗದ ಬಾಬಿಗೆ ಅಲ್ಲ. ಸಾಲ ಮಾಡಿ ಕೊಳ್ಳುವುದಂತೂ ಎರಡೂ ಬಾಬಿಗೆ ನಷ್ಟ.

ಕುಣಿಯಲು ಬಾರದವನಿಗೆ ನೆಲ ಡೊಂಕು ಎಂಬ ಗಾದೆ ನಮ್ಮಲ್ಲಿದೆ. ನೆಲ ನಿಜವಾಗಿಯೂ ಡೊಂಕಾಗಿರುವ ಸಂದರ್ಭಗಳು ಇಲ್ಲದಿಲ್ಲ. ಆದರೆ ನೆಲವನ್ನು ಸರಿಪಡಿಸಲು ಲಕ್ಷ ರೂಪಾಯಿ ಸುರಿಯುವ ಮುನ್ನ ಹೆಜ್ಜೆಯನ್ನು ಪರೀಕ್ಷಿಸಿಕೊಳ್ಳುವುದು ವಿವೇಕ. ಮನೆಯ ಮಗನೋ ಮಗಳೋ ಸೈಕಲ್ ಪಂದ್ಯದ ಆಸೆ ಹೊತ್ತು ನಿಂತಾಗ ಹಿರಿಯರು ಬೆಲೆಪಟ್ಟಿಯನ್ನು ಕಂಡು ಬೆದರಬೇಕಾಗಿಲ್ಲ. ಸುಸ್ಥಿತಿಯಲ್ಲಿರುವ ಒಂದು ಸಾಧಾರಣ ಸೈಕಲ್, ಒಳ್ಳೆಯ ಟೈರು, ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ ಮತ್ತು ಬೆಳಿಗ್ಗೆ ಐದು ಗಂಟೆಗೆ ಎಬ್ಬಿಸುವ ಒಂದು ಮಮತೆಯ ದನಿ, ಇಷ್ಟನ್ನು ಒದಗಿಸಿದರೆ ಘಾಟಿಯನ್ನು ಏರುವ ಕೆಲಸವನ್ನು ಎಳೆಯ ಕಾಲುಗಳೇ ನೋಡಿಕೊಳ್ಳುತ್ತವೆ.